ಮೆಣಸಿನ ರಾಶಿಯೊಳಗೆ ಗಾಳಿ: ಓಪನ್‌ಫೋಮ್‌ನಲ್ಲಿ ನಾನು ಹಾಕಿದ ಲೆಕ್ಕ

ಚಿಕ್ಕಪ್ಪನ ಡ್ರೈಯರ್ ಅಂದರೆ ಒಂದು ತಗಡಿನ ಪೆಟ್ಟಿಗೆ. ಒಂದು ಮೀಟರ್ ಉದ್ದ, ಒಂದು ಮೀಟರ್ ಅಗಲ. ನಡುವೆ ತೂತಿನ ತಗಡು. ಅದರ ಮೇಲೆ ಕಾಳುಮೆಣಸು, ಕೆಳಗೆ 40 ಸೆಂಟಿಮೀಟರ್ ಎತ್ತರದ ಖಾಲಿ ಜಾಗ. ಆ ಜಾಗಕ್ಕೆ ಒಂದು ಪಕ್ಕದಿಂದ ಆರು ಇಂಚಿನ ಪೈಪು ಬರುತ್ತದೆ. ಪೈಪಿನ ಆಚೆ ಬ್ಲೋವರ್, ಅದರಾಚೆ ಸೌದೆ ಒಲೆ. ನಕ್ಷೆ ಚಿಕ್ಕಪ್ಪನದೇ. ಸಿಮೆಂಟ್ ಚೀಲದ ಹಿಂದೆ ಬರೆದಿದ್ದು.

ಮಾರ್ಚಿನಲ್ಲಿ ಹೂಮಳೆ ಬಿತ್ತು. ಕಾಫಿಗೆ ಆ ಮಳೆ ಬೇಕೇ ಬೇಕು. ಕಣದಲ್ಲಿ ಹರಡಿದ ಮೆಣಸಿಗೆ ಮಾತ್ರ ಬೇಡವೇ ಬೇಡ. ಎರಡು ದಿನ ಟಾರ್ಪಾಲಿನ ಕೆಳಗೆ ಉಳಿದರೆ ಮುಗ್ಗಲು ವಾಸನೆ, ಆಮೇಲೆ ಬೂಷ್ಟು. ಹಾಗಾಗಿ ಅಷ್ಟನ್ನೂ ಡ್ರೈಯರಿಗೆ ಸುರಿದರು. ಮಾರನೇ ದಿನ ನನಗೆ ಫೋನ್.

"ಏನೋ ಮಾರಾಯ, ಪೈಪಿನ ಹತ್ರ ಇರೋದು ಹಸಿ ಹಸಿ ಹಂಗೇ ಇದೆ. ಆಚೆ ಗೋಡೆ ಹತ್ರ ಇರೋದು ಹುರಿದಂಗೆ ಆಗಿದೆ. ನೀನು ಬೆಂಗಳೂರಲ್ಲಿ ಗಾಳಿ ಲೆಕ್ಕಾನೇ ಅಲ್ವಾ ಮಾಡೋದು? ಸ್ವಲ್ಪ ನೋಡಿ ಹೇಳು."

ನಾನು ಮಾಡುವುದು ಕಾರಿನ ರೇಡಿಯೇಟರ್ ಲೆಕ್ಕ. ಆದರೆ ರೇಡಿಯೇಟರೂ ಮೆಣಸಿನ ರಾಶಿಯೂ ಸಿಎಫ್‌ಡಿ, ಅಂದರೆ ಗಾಳಿ, ನೀರಿನ ಹರಿವನ್ನು ಲೆಕ್ಕ ಹಾಕುವ ಸಾಫ್ಟ್‌ವೇರಿನ ಕಣ್ಣಿಗೆ ಒಂದೇ ಜಾತಿ. ನಾನು ಬಳಸಿದ ಓಪನ್‌ಫೋಮ್ ಅಂಥದ್ದೇ ಒಂದು. ಎರಡೂ ಪೋರಸ್ ಮೀಡಿಯಾ, ಅಂದರೆ ಸಂದುಗಳಿರುವ ವಸ್ತು, ಗಾಳಿ ತಡೆದು ತಡೆದು ದಾಟುವಂಥದ್ದು. ಒಂದು ಶನಿವಾರ ಊರಿಗೆ ಹೋಗಿ ಅಳತೆ ಮಾಡಿದೆ, ಮುಂದಿನ ವಾರ ಲೆಕ್ಕ ಹಾಕಿದೆ. ಅದನ್ನೇ ಇಲ್ಲಿ ಹಂತ ಹಂತವಾಗಿ ಬರೆಯುತ್ತಿದ್ದೇನೆ. ನಿಮ್ಮದು ಭತ್ತ ಇರಬಹುದು, ಮರಳಿನ ಫಿಲ್ಟರ್ ಇರಬಹುದು. ದಾರಿ ಇದೇ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಈ ಕೆಲಸದಲ್ಲಿ ಸಾಫ್ಟ್‌ವೇರಿನ ಪಾಲು ಕಡಿಮೆ. ತಡೆಯ ಅಂಕಿ ಎರಡು ಇವೆ, ಅವು ಸರಿ ಇದ್ದರೆ ಮುಕ್ಕಾಲು ಕೆಲಸ ಮುಗಿಯಿತು. ತಪ್ಪು ಅಂಕಿ ಕೊಟ್ಟರೂ ಸಾಫ್ಟ್‌ವೇರ್ ಬೇಜಾರು ಮಾಡಿಕೊಳ್ಳುವುದಿಲ್ಲ. ಅಷ್ಟೇ ಚೆಂದದ ಬಣ್ಣದ ಚಿತ್ರ ಕೊಡುತ್ತದೆ.

ಒಂದೊಂದು ಕಾಳನ್ನೂ ಬಿಡಿಸಬೇಕಾ?

ಬೇಡ. ಚಿಕ್ಕಪ್ಪ ಹಾಕಿದ್ದು ನಾಲ್ಕು ಇಂಚು ದಪ್ಪ, 10 ಸೆಂಟಿಮೀಟರ್ ಅಂದುಕೊಳ್ಳಿ. ಕಾಳಿನ ಗಾತ್ರ 5 ಮಿಲಿಮೀಟರ್. ಹತ್ತಿರ ಹತ್ತಿರ 8.9 ಲಕ್ಷ ಕಾಳು ಆಗುತ್ತವೆ. ಅಷ್ಟರ ಸುತ್ತಲೂ ಮೆಶ್, ಅಂದರೆ ಲೆಕ್ಕಕ್ಕೆ ಬೇಕಾದ ಸಣ್ಣ ಸಣ್ಣ ಕೋಣೆಗಳ ಬಲೆ, ಕಟ್ಟಲು ನನ್ನ ಲ್ಯಾಪ್‌ಟಾಪ್ ಅಲ್ಲ, ಆಫೀಸಿನ ಸರ್ವರ್ ಕೂಡ ಒಪ್ಪುವುದಿಲ್ಲ. ಅದಕ್ಕೇ ರಾಶಿಯನ್ನು ಒಂದೇ ತುಂಡು ಅಂತ ತೆಗೆದುಕೊಂಡು, ಅದರೊಳಗೆ ಓಡುವ ಗಾಳಿಯ ಮೇಲೆ ಒಂದು ತಡೆ ಹೇರುತ್ತೇವೆ. ಯಾವ ಕಾಳಿನ ಪಕ್ಕ ಗಾಳಿ ಹೇಗೆ ಸುತ್ತಿತು ಅನ್ನುವುದು ನಮಗೆ ಬೇಕಿಲ್ಲ. ಪೆಟ್ಟಿಗೆಯ ಯಾವ ಮೂಲೆಯಲ್ಲಿ ಎಷ್ಟು ಗಾಳಿ ಏಳುತ್ತದೆ ಅನ್ನುವುದಷ್ಟೇ ಬೇಕು.

ಆ ತಡೆಯಲ್ಲಿ ಎರಡು ಭಾಗ ಇವೆ. ಮೊದಲನೆಯದು ವೇಗಕ್ಕೆ ತಕ್ಕಂತೆ ಏರುತ್ತದೆ. ವೇಗ ಎರಡು ಪಟ್ಟಾದರೆ ಇದೂ ಎರಡು ಪಟ್ಟು. ಫ್ರಾನ್ಸಿನ ಡಿಜಾನ್ ಊರಿನಲ್ಲಿ ಹೆನ್ರಿ ಡಾರ್ಸಿ ಮರಳಿನ ಕೊಳವೆಯಲ್ಲಿ ನೀರು ಇಳಿಸಿ ಕಂಡುಕೊಂಡದ್ದು ಇದನ್ನೇ, ಪ್ರಕಟವಾದದ್ದು 1856ರಲ್ಲಿ. ಫಿಲ್ಟರಿನಲ್ಲಿ ಡಿಕಾಕ್ಷನ್ ಇಳಿಯುವುದೂ ಇದೇ ಲೆಕ್ಕ. ಪುಡಿ ಸಣ್ಣಗಿದ್ದು ಗಟ್ಟಿಯಾಗಿ ಒತ್ತಿದರೆ ಬೆಳಗಿನ ಕಾಫಿ ತಡ. ಎರಡನೆಯ ಭಾಗ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ವೇಗ ಎರಡು ಪಟ್ಟಾದರೆ ಇದು ನಾಲ್ಕು ಪಟ್ಟು. ಇದನ್ನು ಸೇರಿಸಿದ್ದು ಫೋರ್ಕ್‌ಹೈಮರ್, 1901ರಲ್ಲಿ. ನೆಲದೊಳಗೆ ನಿಧಾನ ಹರಿಯುವ ನೀರಿಗೆ ಮೊದಲನೆಯದೊಂದೇ ಸಾಕು. ಬ್ಲೋವರ್ ಹಾಕಿ ದೂಡಿದ ಗಾಳಿಗೆ ಎರಡೂ ಬೇಕು. ಎರಡನೆಯದನ್ನು ಬಿಟ್ಟರೆ ನಮ್ಮ ಮೆಣಸಿನ ವಿಷಯದಲ್ಲಿ ಅರ್ಧ ತಡೆಯೇ ಕಾಣೆ. ಕೆಳಗೆ ನೋಡುತ್ತೀರಿ.

ಮೊದಲು ಕೈಲೆಕ್ಕ

ಒಂದು ಲೀಟರಿನ ಪಾತ್ರೆಯ ತುಂಬಾ ಮೆಣಸು ಹಾಕಿ. ಕುಟ್ಟಬೇಡಿ, ಒತ್ತಬೇಡಿ, ಡ್ರೈಯರಿಗೆ ಹೇಗೆ ಸುರಿಯುತ್ತೀರೋ ಹಾಗೆ ಸುರಿಯಿರಿ. ಮೇಲೊಂದು ಚಹಾ ಸೋಸುವ ಜಾಲರಿ ಇಟ್ಟು ಕೈಯಲ್ಲಿ ಹಿಡಿದುಕೊಳ್ಳಿ. ಇಲ್ಲದಿದ್ದರೆ ಜೊಳ್ಳು ಕಾಳೆಲ್ಲ ತೇಲಿ ಬರುತ್ತವೆ. ಈಗ ಅಳೆದ ನೀರನ್ನು ಅಂಚಿನವರೆಗೆ ಸುರಿಯಿರಿ. ಬೇಗ ಮಾಡಿ, ಮೆಣಸು ನೀರು ಕುಡಿಯುತ್ತದೆ. ನನಗೆ 420 ಮಿಲಿಲೀಟರ್ ಹಿಡಿಯಿತು. ಅಂದರೆ ರಾಶಿಯಲ್ಲಿ 0.42 ಪಾಲು ಖಾಲಿ ಜಾಗ. ಇದೇ ಪೊರಾಸಿಟಿ. ಮೂರು ಸಲ ಮಾಡಿ ಸರಾಸರಿ ತೆಗೆದುಕೊಳ್ಳಿ. ಇದರಲ್ಲಿ ಚೂರು ತಪ್ಪಾದರೂ ಮುಂದೆ ದೊಡ್ಡದಾಗುತ್ತದೆ. 0.42ರ ಬದಲು 0.40 ಅಂತ ಹಾಕಿದರೆ ಮೊದಲನೆಯ ತಡೆ 24 ಪ್ರತಿಶತ ಜಾಸ್ತಿ ಬರುತ್ತದೆ.

ಕಾಳಿನ ಗಾತ್ರಕ್ಕೆ ವರ್ನಿಯರ್ ಬೇಕಿಲ್ಲ. ಐವತ್ತು ಕಾಳನ್ನು ಸ್ಕೇಲಿನ ಪಕ್ಕ ಸಾಲಾಗಿ ಜೋಡಿಸಿ, ಒಟ್ಟು ಉದ್ದವನ್ನು ಐವತ್ತರಿಂದ ಭಾಗಿಸಿ. ಚಿಕ್ಕಮ್ಮ ನಗುತ್ತಾ ನೋಡುತ್ತಿದ್ದರು. ಇಂಜಿನಿಯರ್ ಮಾಡಿ ಬಂದವನು ಜಗಲಿ ಮೇಲೆ ಮೆಣಸು ಜೋಡಿಸುತ್ತಾ ಕೂತಿದ್ದಾನೆ ಅಂತ. 25 ಸೆಂಟಿಮೀಟರ್ ಬಂತು. ಅಂದರೆ ಒಂದಕ್ಕೆ 5 ಮಿಲಿಮೀಟರ್.

ಈ ಎರಡು ಅಳತೆಯಿಂದ ತಡೆಯ ಅಂಕಿ ತೆಗೆಯಲು ಸಬ್ರಿ ಎರ್ಗುನ್ 1952ರಲ್ಲಿ ಕೊಟ್ಟ ಸೂತ್ರ ಇದೆ. ಉರುಟು ಕಾಳುಗಳ ರಾಶಿಗೆ ಚೆನ್ನಾಗಿ ಹೊಂದುತ್ತದೆ. ಮೊದಲನೆಯ ಅಂಕಿಗೆ: ಒಂದರಿಂದ ಪೊರಾಸಿಟಿ ಕಳೆಯಿರಿ, ಬಂದದ್ದನ್ನು ವರ್ಗ ಮಾಡಿ, 150ರಿಂದ ಗುಣಿಸಿ. ಅದನ್ನು ಪೊರಾಸಿಟಿಯ ಘನ ಮತ್ತು ಕಾಳಿನ ಗಾತ್ರದ ವರ್ಗ, ಎರಡರ ಗುಣಲಬ್ಧದಿಂದ ಭಾಗಿಸಿ. ಗಾತ್ರ ಮೀಟರಿನಲ್ಲಿರಲಿ, 0.005. ನಮಗೆ ಬರುವುದು 2.72 ಕೋಟಿ, ಪ್ರತಿ ಚದರ ಮೀಟರಿಗೆ. ಓಪನ್‌ಫೋಮ್‌ನಲ್ಲಿ ಇದಕ್ಕೆ 'ಡಿ' ಅಂತ ಹೆಸರು. ಇಷ್ಟು ದೊಡ್ಡ ಅಂಕಿ ನೋಡಿ ಗಾಬರಿ ಬೇಡ. ಓಪನ್‌ಫೋಮ್ ಜೊತೆ ಬರುವ ಕೋನದ ಪೈಪಿನ ಉದಾಹರಣೆಯಲ್ಲಿ 5 ಕೋಟಿ ಇದೆ.

ಎರಡನೆಯದಕ್ಕೆ: ಒಂದರಿಂದ ಪೊರಾಸಿಟಿ ಕಳೆದು 3.5ರಿಂದ ಗುಣಿಸಿ, ಪೊರಾಸಿಟಿಯ ಘನ ಮತ್ತು ಕಾಳಿನ ಗಾತ್ರದ ಗುಣಲಬ್ಧದಿಂದ ಭಾಗಿಸಿ. ಬರುವುದು 5480, ಪ್ರತಿ ಮೀಟರಿಗೆ. ಇದರ ಹೆಸರು 'ಎಫ್'. ಎರ್ಗುನ್ ಸೂತ್ರ ಓದಿದವರು ಕೇಳಬಹುದು, ಅಲ್ಲಿ ಇರುವುದು 1.75 ಅಲ್ವಾ ಅಂತ. ಹೌದು. ಆದರೆ ಓಪನ್‌ಫೋಮ್ ಈ ಭಾಗವನ್ನು ಅರ್ಧ ಸಾಂದ್ರತೆಯಿಂದ ಗುಣಿಸುತ್ತದೆ. ಆ ಅರ್ಧವನ್ನು ಸರಿದೂಗಿಸಲು ಇಲ್ಲಿ ಎರಡು ಪಟ್ಟು. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಈ ಎರಡನ್ನು ಮರೆತು ಒಂದು ವಾರ ತಲೆ ಕೆಡಿಸಿಕೊಂಡಿದ್ದೆ. ಇನ್ನೊಂದು ಸಿಎಫ್‌ಡಿ ಸಾಫ್ಟ್‌ವೇರ್ ಆದ ಆನ್ಸಿಸ್ ಫ್ಲುಯೆಂಟ್ ಬಳಸುವವರಿಗೂ ಇದೇ ಎರಡು ಅಂಕಿ ಹಾಗ್ಹಾಗೇ ನಡೆಯುತ್ತವೆ. ಅಲ್ಲಿ ವಿಸ್ಕಸ್ ರೆಸಿಸ್ಟೆನ್ಸ್, ಇನರ್ಷಿಯಲ್ ರೆಸಿಸ್ಟೆನ್ಸ್ ಅಂತ ಕೇಳುತ್ತದೆ, ಅರ್ಧದ ಲೆಕ್ಕ ಅಲ್ಲೂ ಇದೆ.

ಇನ್ನು ಗಾಳಿ. ಚಿಕ್ಕಪ್ಪನ ಮನೆ ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಅಲ್ಲಿ ಗಾಳಿಯ ಒತ್ತಡ 91 ಕಿಲೋಪಾಸ್ಕಲ್ ಆಸುಪಾಸು. 45 ಡಿಗ್ರಿ ಬಿಸಿಯಲ್ಲಿ ಒಂದು ಘನ ಮೀಟರ್ ಗಾಳಿ ಹೆಚ್ಚು ಕಡಿಮೆ ಸರಿಯಾಗಿ 1.0 ಕೆಜಿ ತೂಗುತ್ತದೆ. ಪುಸ್ತಕದ 1.2 ಹಾಕಬೇಡಿ, ಅದು ಸಮುದ್ರ ದಂಡೆಯ ತಣ್ಣನೆ ಗಾಳಿಗೆ. ವಿಸ್ಕಾಸಿಟಿ, ಅಂದರೆ ಗಾಳಿಯ ಅಂಟುತನ, 0.0000193 ಪಾಸ್ಕಲ್ ಸೆಕೆಂಡ್.

ಬ್ಲೋವರ್ ಕೊಡುತ್ತಿದ್ದದ್ದು ಸೆಕೆಂಡಿಗೆ 0.2 ಘನ ಮೀಟರ್. ಪೆಟ್ಟಿಗೆಯ ಅಡ್ಡಳತೆ ಒಂದು ಚದರ ಮೀಟರ್. ಹಾಗಾಗಿ ರಾಶಿಯ ಮೂಲಕ ಸರಾಸರಿ ವೇಗ ಸೆಕೆಂಡಿಗೆ 0.2 ಮೀಟರ್. ಕಾಳಿನ ಸಂದಿನಲ್ಲಿ ಗಾಳಿ ಇದಕ್ಕಿಂತ ಜೋರಾಗಿ ಓಡುತ್ತದೆ, ಯಾಕೆಂದರೆ ಅಲ್ಲಿ ಜಾಗ ಕಮ್ಮಿ. ಆ ವೇಗವನ್ನು ಲೆಕ್ಕಕ್ಕೆ ತರಬೇಡಿ. ಎರ್ಗುನ್ ಸೂತ್ರವೂ ಓಪನ್‌ಫೋಮೂ ಕೇಳುವುದು ರಾಶಿಯೇ ಇಲ್ಲ ಅಂದುಕೊಂಡಾಗ ಬರುವ ವೇಗವನ್ನು.

ಈಗ ಲೆಕ್ಕ: ಮೊದಲನೆಯ ಭಾಗದಿಂದ ಒಂದು ಮೀಟರ್ ದಪ್ಪಕ್ಕೆ 105 ಪಾಸ್ಕಲ್, ಎರಡನೆಯದರಿಂದ 110. ನೋಡಿ, ಸರಿಸಮ. ಒಟ್ಟು 215.

ಅಂಕಿಯನ್ನು ನಂಬುವ ಮುಂಚೆ ಒಂದು ಪೈಪು

ಎರ್ಗುನ್ ಅಳೆದದ್ದು ಚಿಕ್ಕಪ್ಪನ ಮೆಣಸನ್ನಲ್ಲ. ಒಣ ಮೆಣಸಿನ ಮೈ ಸುಕ್ಕು ಸುಕ್ಕು. ಜೊತೆಗೆ ದೂಳು, ತೊಟ್ಟಿನ ಚೂರು. ಅದಕ್ಕೆ ಒಂದು ಸಣ್ಣ ಪರೀಕ್ಷೆ ಮಾಡಿದೆ. ಈ ಇಡೀ ಕೆಲಸದಲ್ಲಿ ನನಗೆ ಖುಷಿ ಕೊಟ್ಟದ್ದು ಇದೇ.

ತೋಟದ ಮನೆಯಲ್ಲಿ ಆರು ಇಂಚಿನ ಪಿವಿಸಿ ಪೈಪಿನ ತುಂಡು ಸಿಕ್ಕಿತು. ನೆಟ್ಟಗೆ ನಿಲ್ಲಿಸಿ, ಒಳಗೆ ಸೊಳ್ಳೆ ಜಾಲರಿ ಕಟ್ಟಿ, ಅದರ ಮೇಲೆ 30 ಸೆಂಟಿಮೀಟರ್ ಎತ್ತರಕ್ಕೆ ಮೆಣಸು ತುಂಬಿದೆ. ಕೆಳಗಿನಿಂದ ಸಣ್ಣ ಬ್ಲೋವರಿನ ಗಾಳಿ. ಮೆಣಸಿನ ಕೆಳಗೊಂದು, ಮೇಲೊಂದು ತೂತು ಕೊರೆದು, ತೆಳ್ಳನೆ ಪಾರದರ್ಶಕ ಟ್ಯೂಬ್ ಸಿಕ್ಕಿಸಿದೆ. ಲೆವೆಲ್ ನೋಡಲು ಗಾರೆ ಮೇಸ್ತ್ರಿಗಳು ಇಟ್ಟುಕೊಳ್ಳುತ್ತಾರಲ್ಲ, ಅದೇ ಟ್ಯೂಬ್.

ತೊಂದರೆ ಎಲ್ಲಿ ಅಂದರೆ, ಇಲ್ಲಿ ಒತ್ತಡ ತೀರಾ ಸಣ್ಣದು. ನೀರಿನ ಒಂದು ಮಿಲಿಮೀಟರ್ ಎತ್ತರ ಅಂದರೆ 9.8 ಪಾಸ್ಕಲ್. ನಾವು ಅಳೆಯುವುದು ಏಳೆಂಟು ಮಿಲಿಮೀಟರ್. ಕಣ್ಣಲ್ಲಿ ನೋಡಿ ಹೇಳಲಾಗದು. ಅದಕ್ಕೆ ಕೆಳಗಿನ ಟ್ಯೂಬನ್ನು ಬಣ್ಣದ ನೀರಿರುವ ಅಗಲ ಬಾಟಲಿಯ ಮುಚ್ಚಳಕ್ಕೆ ಜೋಡಿಸಿದೆ. ಬಾಟಲಿಯ ಬುಡದಿಂದ ಇನ್ನೊಂದು ಟ್ಯೂಬ್ ಹೊರಟು, ಹಲಗೆಯ ಮೇಲೆ ಓರೆಯಾಗಿ ಮಲಗಿ, ಮೇಲಿನ ತೂತಿಗೆ ಹೋಗುತ್ತದೆ. ಹಲಗೆಯ ಓರೆ ಹತ್ತಕ್ಕೆ ಒಂದು. ಆಗ ಒಂದು ಮಿಲಿಮೀಟರ್ ಎತ್ತರ ಟ್ಯೂಬಿನ ಉದ್ದಕ್ಕೆ ಹತ್ತು ಮಿಲಿಮೀಟರ್ ಆಗಿ ಕಾಣುತ್ತದೆ. ಬಣ್ಣಕ್ಕೆ ಚಿಕ್ಕಮ್ಮನ ಕುಂಕುಮ. ಗಂಟು ಗಂಟಾಗುತ್ತದೆ, ಪೆನ್ನಿನ ಇಂಕ್ ವಾಸಿ.

ಗಾಳಿಯ ವೇಗ ಅಳೆಯಲು ಫ್ಯಾನಿರುವ ಅನಿಮೋಮೀಟರ್ ತಂದಿದ್ದೆ. ಅದರ ರೆಕ್ಕೆ 0.2 ಮೀಟರ್ ವೇಗಕ್ಕೆ ಅಲ್ಲಾಡುವುದೇ ಇಲ್ಲ. ಪೈಪಿನ ಮೇಲ್ತುದಿಗೆ ಆರಿಂದ ಎರಡು ಇಂಚಿಗೆ ಇಳಿಸುವ ರೆಡ್ಯೂಸರ್ ಹಾಕಿದೆ. ಅಡ್ಡಳತೆ ಒಂಬತ್ತು ಪಟ್ಟು ಕಮ್ಮಿ, ವೇಗ ಒಂಬತ್ತು ಪಟ್ಟು ಜಾಸ್ತಿ. ಅಲ್ಲಿ 1.8 ತೋರಿಸಿದರೆ ಮೆಣಸಿನೊಳಗೆ 0.2.

ವೇಗ 0.1 ಇದ್ದಾಗ ಟ್ಯೂಬಿನಲ್ಲಿ ನೀರು 29 ಮಿಲಿಮೀಟರ್ ಜರುಗಿತು. 0.2ಕ್ಕೆ 78. 0.3ಕ್ಕೆ 147. ಪಾಸ್ಕಲಿಗೆ ತಂದರೆ 28, 76, 144.

ಈ ಮೂರರಿಂದ ಎರಡು ಅಂಕಿ ತೆಗೆಯುವ ಉಪಾಯ ಇದು. ಒತ್ತಡವನ್ನು ದಪ್ಪದಿಂದಲೂ ವೇಗದಿಂದಲೂ ಭಾಗಿಸಿ. 933, 1267, 1600 ಬರುತ್ತದೆ. ಅಡ್ಡಗೆರೆಯಲ್ಲಿ ವೇಗ, ಉದ್ದಗೆರೆಯಲ್ಲಿ ಈ ಅಂಕಿ ಇಟ್ಟು ಗ್ರಾಫ್ ಹಾಳೆಯಲ್ಲಿ ಗುರುತು ಹಾಕಿ. ಮೂರೂ ಒಂದೇ ಗೆರೆಯ ಮೇಲೆ ಬಿದ್ದರೆ ಅಳತೆ ಸರಿ ಇದೆ. ಗೆರೆಯನ್ನು ಹಿಂದಕ್ಕೆ ಎಳೆದರೆ ವೇಗ ಸೊನ್ನೆಯಾದಲ್ಲಿ 600ಕ್ಕೆ ತಾಗುತ್ತದೆ. ಅದನ್ನು ವಿಸ್ಕಾಸಿಟಿಯಿಂದ ಭಾಗಿಸಿದರೆ 'ಡಿ'. ಗೆರೆಯ ಏರು 3333. ಅದನ್ನು ಎರಡರಿಂದ ಗುಣಿಸಿ ಸಾಂದ್ರತೆಯಿಂದ ಭಾಗಿಸಿದರೆ 'ಎಫ್'. ಪರೀಕ್ಷೆ ಮಾಡಿದ್ದು 25 ಡಿಗ್ರಿ ಗಾಳಿಯಲ್ಲಿ, ಆದ್ದರಿಂದ ಭಾಗಿಸಲು ಆ ಗಾಳಿಯ ಅಂಕಿಗಳೇ ಬೇಕು: ವಿಸ್ಕಾಸಿಟಿ 0.0000184, ಸಾಂದ್ರತೆ 1.064. ನನಗೆ ಬಂದದ್ದು ಡಿ 3.26 ಕೋಟಿ, ಎಫ್ 6266. ಎರ್ಗುನ್ ಲೆಕ್ಕಕ್ಕಿಂತ ಒಂದು 20, ಇನ್ನೊಂದು 14 ಪ್ರತಿಶತ ಜಾಸ್ತಿ. ಸುಕ್ಕು, ದೂಳು ಎಲ್ಲ ಸೇರಿ ಇಷ್ಟು. ಬರೀ ಸೂತ್ರ ನಂಬಿದ್ದರೆ ಅಷ್ಟೂ ತಪ್ಪು ಲೆಕ್ಕದೊಳಗೆ ಸದ್ದಿಲ್ಲದೆ ಕೂತಿರುತ್ತಿತ್ತು.

ಒಂದು ಎಚ್ಚರ. ನಾನು ತುಂಬಿದ್ದು ಒಣ ಮೆಣಸು. ಆಗ ತಾನೇ ಬಿಡಿಸಿದ ಹಸಿ ಮೆಣಸು ನುಣುಪು, ಗಾತ್ರವೂ ದೊಡ್ಡದು. ಅದಕ್ಕೆ ತಡೆ ಬೇರೆ. ಸಮಯ ಇದ್ದರೆ ಎರಡನ್ನೂ ಅಳೆಯಿರಿ.

ಸಾಫ್ಟ್‌ವೇರ್

ಓಪನ್‌ಫೋಮ್ ಉಚಿತ. ಅದರಲ್ಲಿ ಎರಡು ಕವಲು ಇವೆ. ಒಂದರ ಆವೃತ್ತಿಗಳಿಗೆ ವಿ2312 ಥರದ ಹೆಸರು, ಇನ್ನೊಂದರದು 10, 11 ಅಂತ ಬರೀ ಅಂಕಿ. ಫೈಲುಗಳ ಹೆಸರು, ಅವು ಇರುವ ಜಾಗ ಎರಡರಲ್ಲೂ ಬೇರೆ. ಒಂದರ ಪಾಠ ಓದಿ ಇನ್ನೊಂದರಲ್ಲಿ ಮಾಡಲು ಹೋಗಿ ತಲೆನೋವು ತಂದುಕೊಳ್ಳಬೇಡಿ. ನಾನು ಬಳಸಿದ್ದು ಮೊದಲನೆಯದನ್ನು. ಅದರಲ್ಲಿ ಪೋರಸ್ ಸಿಂಪಲ್ ಫೋಮ್ ಅಂತ ಒಂದು ಸಾಲ್ವರ್, ಅಂದರೆ ಸಮೀಕರಣ ಬಿಡಿಸುವ ಪ್ರೋಗ್ರಾಂ, ಇದೆ. ಹೊತ್ತು ಹೊತ್ತಿಗೆ ಬದಲಾಗದ ಹರಿವಿಗೆ, ಸಾಂದ್ರತೆ ಬದಲಾಗದ ಗಾಳಿಗೆ ಇದು ಸರಿ. ಬಿಸಿ, ತೇವ ಇದರಲ್ಲಿ ಇಲ್ಲ. ನಮ್ಮ ಪ್ರಶ್ನೆ ಗಾಳಿ ಎಲ್ಲಿ ಹೋಗುತ್ತದೆ ಅನ್ನುವುದು ಮಾತ್ರ, ಆದ್ದರಿಂದ ಅದು ಬೇಡ.

ಜೊತೆಗೆ ಬರುವ ಕೋನದ ಪೈಪಿನ ಉದಾಹರಣೆಯನ್ನೇ ನಕಲು ಮಾಡಿ ಶುರು ಮಾಡಿ. ಅದರಲ್ಲಿ ತಡೆಯನ್ನು ಲೆಕ್ಕಕ್ಕೆ ಸೇರಿಸುವ ಎರಡು ಬಗೆ ಇವೆ, ಎಕ್ಸ್‌ಪ್ಲಿಸಿಟ್ ಮತ್ತು ಇಂಪ್ಲಿಸಿಟ್. ತಡೆ ದೊಡ್ಡದಿದ್ದಾಗ ಇಂಪ್ಲಿಸಿಟ್ ಗಟ್ಟಿಯಾಗಿ ನಿಲ್ಲುತ್ತದೆ.

ಮೊದಲ ದಿನವೇ ಇಡೀ ಪೆಟ್ಟಿಗೆ ಕಟ್ಟಬೇಡಿ. ಒಂದು ನೆಟ್ಟನೆ ಕೊಳವೆ ಮಾಡಿ. ಗೋಡೆಗಳಿಗೆ ಜಾರುವ ಷರತ್ತು, ಅಂದರೆ ಸ್ಲಿಪ್. ನಡುವೆ 30 ಸೆಂಟಿಮೀಟರ್ ಮೆಣಸು. ಒಂದು ತುದಿಯಿಂದ 0.2 ವೇಗ. ಪೈಪಿನಲ್ಲಿ ಅಳೆದು ತೆಗೆದ ಡಿ, ಎಫ್ ಹಾಕಿದರೆ ಕೈಲೆಕ್ಕದ ಪ್ರಕಾರ ಬಿಸಿ ಗಾಳಿಗೆ 75 ಪಾಸ್ಕಲ್ ಬರಬೇಕು. ಬಂದರೆ ಮುಂದೆ ಹೋಗಿ. ಬರದಿದ್ದರೆ ಅರ್ಧದ ಎಡವಟ್ಟು, ಯೂನಿಟ್, ದಿಕ್ಕು, ಇವುಗಳಲ್ಲಿ ಒಂದು ಕೈ ಕೊಟ್ಟಿದೆ. ಇದಕ್ಕೆ ಐದು ನಿಮಿಷ ಸಾಕು.

ಇಲ್ಲೊಂದು ಬಲೆ ಇದೆ. ಈ ಸಾಲ್ವರ್ ತೋರಿಸುವ ಒತ್ತಡ ನಿಜವಾದ ಒತ್ತಡ ಅಲ್ಲ, ಸಾಂದ್ರತೆಯಿಂದ ಭಾಗಿಸಿದ ಒತ್ತಡ. ನಮ್ಮ ಗಾಳಿಯ ಸಾಂದ್ರತೆ 1.0 ಆದ್ದರಿಂದ ಎರಡೂ ಒಂದೇ ಆಯಿತು, ಬಚಾವಾದೆವು. ನೀರಿನ ಲೆಕ್ಕ ಮಾಡುವವರು ಸಾವಿರದಿಂದ ಗುಣಿಸಬೇಕು. ವಿಸ್ಕಾಸಿಟಿಯನ್ನೂ ಹಾಗೆಯೇ ಸಾಂದ್ರತೆಯಿಂದ ಭಾಗಿಸಿ ಕೊಡಬೇಕು.

ಈಗ ಪೆಟ್ಟಿಗೆ. ಮೆಶ್ ಕಟ್ಟಲು ಓಪನ್‌ಫೋಮ್ ಜೊತೆ ಬರುವ ಬ್ಲಾಕ್‌ಮೆಶ್ ಸಾಕು. ಉರುಟು ಪೈಪನ್ನು ಬ್ಲಾಕ್‌ಮೆಶ್‌ನಲ್ಲಿ ಕೂರಿಸುವುದು ಕಿರಿಕಿರಿ, ಅದಕ್ಕೆ ಅಷ್ಟೇ ಅಡ್ಡಳತೆ ಇರುವ 13.3 ಸೆಂಟಿಮೀಟರ್ ಚೌಕ ಮಾಡಿಕೊಂಡೆ. ಕೆಳಗಿನ ಜಾಗ 40 ಸೆಂಟಿಮೀಟರ್, ಮೆಣಸು 10, ಅದರ ಮೇಲೆ ಬರೀ ಗಾಳಿ 30. ಸೆಲ್, ಅಂದರೆ ಮೆಶ್‌ನ ಒಂದು ಕೋಣೆ, ಅದರ ಗಾತ್ರ 1.33 ಸೆಂಟಿಮೀಟರ್, ಆಗ ಪೈಪಿನ ಅಗಲಕ್ಕೆ ಹತ್ತು ಸೆಲ್ ಸಿಗುತ್ತವೆ. ಮೆಣಸಿನ ದಪ್ಪಕ್ಕೆ ಹತ್ತು ಪದರ. ಒಟ್ಟು ಸುಮಾರು 3.5 ಲಕ್ಷ ಸೆಲ್. ತೂತಿನ ತಗಡನ್ನು ಬಿಟ್ಟುಬಿಟ್ಟೆ. ಇಷ್ಟು ನಿಧಾನದ ಗಾಳಿಗೆ ಅದರ ತಡೆ ಒಂದು ಪಾಸ್ಕಲ್ ಕೂಡ ಇಲ್ಲ.

ಮೆಣಸಿನ ಬ್ಲಾಕಿಗೆ ಒಂದು ಹೆಸರು ಕೊಡಿ, ಅದೇ ಸೆಲ್ ಝೋನ್. ಪೊರಾಸಿಟಿ ಫೈಲಿನಲ್ಲೂ ಅದೇ ಹೆಸರು. ಹೆಸರು ತಪ್ಪಿದರೆ ಸಾಲ್ವರ್ ಬೈದು ನಿಲ್ಲುತ್ತದೆ, ಒಳ್ಳೆಯದೇ. ಆದರೆ ಟೋಪೋಸೆಟ್ ಅನ್ನುವ ಸೆಲ್ ಆರಿಸುವ ಉಪಕರಣ ಬಳಸಿ ಝೋನ್ ಮಾಡುವವರು ಸೆಲ್ ಎಣಿಕೆ ನೋಡಲೇಬೇಕು. ಅಳತೆ ಮೀಟರಿನ ಬದಲು ಸೆಂಟಿಮೀಟರಿನಲ್ಲಿ ಬರೆದರೆ ಝೋನ್ ಇರುತ್ತದೆ, ಒಳಗೆ ಒಂದು ಸೆಲ್ಲೂ ಇರುವುದಿಲ್ಲ. ಲೆಕ್ಕ ಸಲೀಸಾಗಿ ಓಡುತ್ತದೆ, ತಡೆಯೇ ಇಲ್ಲದೆ! ನನ್ನ ಝೋನಿನಲ್ಲಿ 75 ಗುಣಿಸು 75 ಗುಣಿಸು 10, ಅಂದರೆ 56,250 ಇರಬೇಕು, ಇತ್ತು.

ಡಿ ಮತ್ತು ಎಫ್ ಎರಡಕ್ಕೂ ಮೂರು ದಿಕ್ಕಿಗೆ ಮೂರು ಅಂಕಿ ಕೇಳುತ್ತದೆ. ಉದಾಹರಣೆಯ ಫೈಲಿನಲ್ಲಿ ಎರಡನೆಯ, ಮೂರನೆಯ ಜಾಗದಲ್ಲಿ ಮೈನಸ್ 1000 ಅಂತ ಇರುತ್ತದೆ. ಅದು ಋಣ ತಡೆ ಅಲ್ಲ. ಮೊದಲನೆಯ ದೊಡ್ಡ ಅಂಕಿಯ ಸಾವಿರ ಪಟ್ಟು ಅಂತ ಅರ್ಥ, ಅಡ್ಡ ದಿಕ್ಕಿನಲ್ಲಿ ಗಾಳಿ ಓಡಲೇಬಾರದು ಅಂತ. ಜೇನುಗೂಡಿನಂಥ ವಸ್ತುವಿಗೆ ಸರಿ. ಮೆಣಸು ಉರುಟು, ಗಾಳಿ ಅಡ್ಡಕ್ಕೂ ಓಡುತ್ತದೆ. ಮೂರೂ ಜಾಗದಲ್ಲಿ ಒಂದೇ ಅಂಕಿ ಹಾಕಿ.

ಪೈಪಿನ ಬಾಯಲ್ಲಿ ವೇಗ ಸೆಕೆಂಡಿಗೆ 11.3 ಮೀಟರ್. ಮೇಲ್ಗಡೆ ಒತ್ತಡ ಸೊನ್ನೆ. ಉಳಿದದ್ದು ಗೋಡೆ. ಹರಿವು ಶಾಂತವೋ ಸುಳಿಸುಳಿಯೋ ಅಂತ ಹೇಳುವ ರೇನಾಲ್ಡ್ಸ್ ಸಂಖ್ಯೆ ಪೈಪಿನಲ್ಲಿ 88,000 ಹತ್ತಿರ, ಹಾಗಾಗಿ ಟರ್ಬ್ಯುಲೆನ್ಸ್, ಅಂದರೆ ಸುಳಿಗಳ ಲೆಕ್ಕ, ಬೇಕು. ಅದಕ್ಕೆ ಕೆ-ಎಪ್ಸಿಲಾನ್ ಮಾಡೆಲ್ ಹಾಕಿದೆ, ತೀವ್ರತೆ 5 ಪ್ರತಿಶತ. ಮೆಣಸಿನ ಒಳಗೆ ಈ ಮಾಡೆಲ್ ಹೇಳುವ ಟರ್ಬ್ಯುಲೆನ್ಸ್ ನಂಬಬೇಡಿ. ಅಲ್ಲಿ ಕಾಳುಗಳಿವೆ ಅನ್ನುವುದು ಅದಕ್ಕೆ ಗೊತ್ತೇ ಇಲ್ಲ. ಒತ್ತಡದ ಲೆಕ್ಕಕ್ಕೆ ಅದರಿಂದ ತೊಂದರೆ ಇಲ್ಲ, ನಾವು ಅಳೆದ ಅಂಕಿಯಲ್ಲೇ ಎಲ್ಲ ಸೇರಿದೆ. ಶುರುವಿಗೆ ಫಸ್ಟ್ ಆರ್ಡರ್ ಅಪ್‌ವಿಂಡ್, ಇದು ಒರಟು ಆದರೆ ಗಟ್ಟಿಯಾಗಿ ನಿಲ್ಲುವ ಲೆಕ್ಕದ ಬಗೆ. ರಿಲ್ಯಾಕ್ಸೇಷನ್, ಅಂದರೆ ಪ್ರತಿ ಸುತ್ತಿನ ಬದಲಾವಣೆಯಲ್ಲಿ ಎಷ್ಟು ಪಾಲು ಒಪ್ಪಿಕೊಳ್ಳಬೇಕು ಅನ್ನುವುದು, ಒತ್ತಡಕ್ಕೆ 0.3, ವೇಗಕ್ಕೆ 0.7. ನೆಲೆ ನಿಂತ ಮೇಲೆ ಸೆಕೆಂಡ್ ಆರ್ಡರಿಗೆ ಬದಲಾಯಿಸಿ. ರೆಸಿಡುಯಲ್, ಅಂದರೆ ಸಮೀಕರಣದಲ್ಲಿ ಇನ್ನೂ ಉಳಿದ ತಪ್ಪು, ಇಳಿಯಿತು ಅಂತ ನಿಲ್ಲಿಸಬೇಡಿ. ಮೆಣಸಿನ ಮೇಲೆ ನಾಲ್ಕಾರು ಜಾಗದಲ್ಲಿ ವೇಗ ಬರೆದುಕೊಳ್ಳಲು ಹೇಳಿ, ಅದು ಅಲ್ಲಾಡುವುದು ನಿಂತ ಮೇಲೆ ನಿಲ್ಲಿಸಿ.

ಬಂದ ಚಿತ್ರ

ಫಲಿತಾಂಶವನ್ನು ಚಿತ್ರವಾಗಿ ತೋರಿಸುವ ಪ್ಯಾರಾವ್ಯೂನಲ್ಲಿ ಮೆಣಸಿನ ನಡುಮಟ್ಟಕ್ಕೆ ಒಂದು ಅಡ್ಡ ಸೀಳು ಹಾಕಿ, ಮೇಲ್ಮುಖ ವೇಗ ನೋಡಿದೆ. ಪೈಪಿನ ಕಡೆ 0.17. ಆಚೆ ಗೋಡೆಯ ಕಡೆ 0.29. ಚಿಕ್ಕಪ್ಪ ಫೋನಿನಲ್ಲಿ ಹೇಳಿದ್ದು ಇದೇ, ಅಂಕಿ ಇರಲಿಲ್ಲ ಅಷ್ಟೆ.

ಕಾರಣ ಒಂದು ಸಾಲಿನ ಲೆಕ್ಕದಲ್ಲಿ ಇದೆ. ಪೈಪಿನಿಂದ 11.3 ಮೀಟರ್ ವೇಗದಲ್ಲಿ ನುಗ್ಗುವ ಗಾಳಿ ನಿಂತರೆ 64 ಪಾಸ್ಕಲ್ ಒತ್ತಡ ಹುಟ್ಟುತ್ತದೆ. 10 ಸೆಂಟಿಮೀಟರ್ ಮೆಣಸಿನ ತಡೆ ಬರೀ 25 ಪಾಸ್ಕಲ್. ಗಾಳಿ ಸೀದಾ ಹೋಗಿ ಎದುರು ಗೋಡೆಗೆ ಬಡಿದು, ಗೋಡೆ ಹಿಡಿದು ಮೇಲೆ ಹತ್ತಿ, ಅಲ್ಲೇ ಮೆಣಸು ತೂರಿ ಹೊರಟುಹೋಗುತ್ತದೆ. ಮೆಣಸಿನ ಪದರ ಅದನ್ನು ಹರಡುವಷ್ಟು ಗಟ್ಟಿ ಇಲ್ಲ.

ಚಿಕ್ಕಪ್ಪ ತೆಳ್ಳಗೆ ಹಾಕಿದ್ದೇ ಎಲ್ಲ ಕಡೆ ಸಮ ಒಣಗಲಿ ಅಂತ. ಕಣದಲ್ಲಿ ತೆಳ್ಳಗೆ ಹರಡಿದರೆ ಸಮ ಒಣಗುತ್ತದೆ, ನಿಜ. ಅಲ್ಲಿ ಬಿಸಿಲು ಮೇಲಿನಿಂದ ಬೀಳುತ್ತದೆ. ಪೆಟ್ಟಿಗೆಯಲ್ಲಿ ಉಲ್ಟಾ, ತೆಳ್ಳಗಾದಷ್ಟೂ ಗಾಳಿ ತನಗೆ ಬೇಕಾದ ಕಡೆ ಹೋಗುತ್ತದೆ. 30 ಸೆಂಟಿಮೀಟರ್ ದಪ್ಪ ಮಾಡಿ ಲೆಕ್ಕ ಓಡಿಸಿದೆ. ಪೈಪಿನ ಕಡೆ 0.19, ಆಚೆ 0.22. ಇದನ್ನು ಹೇಳಿದಾಗ ಚಿಕ್ಕಪ್ಪ ನನ್ನನ್ನು ನೋಡಿದ ರೀತಿ ಇನ್ನೂ ಕಣ್ಣ ಮುಂದಿದೆ.

ಆದರೆ ದಪ್ಪ ಮಾಡಿದರೆ ಬೇರೆ ಬೆಲೆ ಇದೆ. ತಡೆ 75 ಪಾಸ್ಕಲ್ ಆಗುತ್ತದೆ, ಅಷ್ಟು ದೂಡುವಾಗ ಬ್ಲೋವರ್ ಕೊಡುವ ಗಾಳಿಯೇ ಇಳಿಯುತ್ತದೆ. ನನ್ನ ಲೆಕ್ಕದಲ್ಲಿ ಗಾಳಿ ಅಷ್ಟೇ ಇರುತ್ತದೆ ಅಂದುಕೊಂಡಿದ್ದೆ. ಜೊತೆಗೆ ದಪ್ಪ ರಾಶಿ ಕೆಳಗಿನಿಂದ ಒಣಗುತ್ತಾ ಬರುತ್ತದೆ, ಮೇಲಿನದು ಕೊನೆವರೆಗೂ ಹಸಿ. ಮಗುಚಬೇಕು. ಹಾಗಾಗಿ ಇನ್ನೊಂದು ದಾರಿ ನೋಡಿದೆ. ಪೈಪಿನ ಬಾಯಿಗೆ 30 ಸೆಂಟಿಮೀಟರ್ ಎದುರು ಒಂದು ತಗಡನ್ನು ಅಡ್ಡ ನಿಲ್ಲಿಸಿದೆ, ಲೆಕ್ಕದಲ್ಲಿ. ಗಾಳಿ ಅದಕ್ಕೆ ಬಡಿದು ನಾಲ್ಕೂ ಕಡೆ ಚೆದುರಿತು. 10 ಸೆಂಟಿಮೀಟರ್ ಮೆಣಸಿಗೂ 0.18ರಿಂದ 0.23ರ ಒಳಗೆ ಬಂತು. ಒಂದು ತುಂಡು ತಗಡು, ನಾಲ್ಕು ಕಡೆ ವೆಲ್ಡಿಂಗ್. ಅದನ್ನೇ ಮಾಡಿಸಿದರು.

ನಿಜದಲ್ಲಿ ಹಾಗೇ ಆಯಿತಾ?

ಅಳೆಯಲು ಹೋಗಿ ಮೊದಲು ಎಡವಿದೆ. ಒಂದು ಅಡಿ ಅಗಲದ ಬಕೆಟಿನ ತಳ ಕೊರೆದು, ಎರಡು ಇಂಚಿನ ಬಾಯಿ ಮಾಡಿ ಮೆಣಸಿನ ಮೇಲೆ ಬೋರಲು ಹಾಕಿದೆ. ಪೈಪಿನ ಪರೀಕ್ಷೆಯಲ್ಲಿ ನಡೆದಿತ್ತಲ್ಲ, ಅದೇ ಉಪಾಯ ಅಂತ. ಎಲ್ಲ ಕಡೆ ತೀರಾ ಕಮ್ಮಿ ತೋರಿಸಿತು. ಅಷ್ಟು ಸಣ್ಣ ಬಾಯಿಯಿಂದ ಹೊರಡಲು ಗಾಳಿಗೆ 25 ಪಾಸ್ಕಲ್ ಬೇಕು, ಮೆಣಸಿನ ತಡೆಯಷ್ಟೇ. ಗಾಳಿ ಬುದ್ಧಿವಂತ, ಬಕೆಟಿನ ಪಕ್ಕದಿಂದ ಹೊರಟುಹೋಯಿತು. ಬಾಯಿಯನ್ನು ಆರು ಇಂಚು ಮಾಡಿದೆ. ಈಗ ವೇಗ ನಾಲ್ಕು ಪಟ್ಟು ಮಾತ್ರ ಏರುತ್ತದೆ, ಅದಕ್ಕೆ ಒಂದು ಪಾಸ್ಕಲಿಗಿಂತ ಕಮ್ಮಿ ಸಾಕು. ಅನಿಮೋಮೀಟರ್ 0.8ರ ಹತ್ತಿರ ತಿರುಗಿತು. ಒಂಬತ್ತು ಜಾಗದಲ್ಲಿ ಇಟ್ಟು ನೋಡಿದೆ. ನಾಲ್ಕರಿಂದ ಭಾಗಿಸಿದ ಮೇಲೆ ಅತಿ ಕಮ್ಮಿ 0.17, ಅತಿ ಜಾಸ್ತಿ 0.24. ಲೆಕ್ಕಕ್ಕಿಂತ ಚೂರು ಹೆಚ್ಚು ಏರುಪೇರು. ಮೆಣಸನ್ನು ಕೈಯಲ್ಲಿ ಹರಡಿದ್ದು, ಮೂಲೆಗಳಲ್ಲಿ ಒಂದು ಸೆಂಟಿಮೀಟರ್ ಕಮ್ಮಿ ಇತ್ತು.

ಚಿಕ್ಕಪ್ಪ ಅನಿಮೋಮೀಟರ್ ಕಡೆ ನೋಡಲೂ ಇಲ್ಲ. ಮಾರನೇ ದಿನ ಪೈಪಿನ ಕಡೆಯಿಂದ ಒಂದು ಕಾಳು, ಆಚೆ ಗೋಡೆಯಿಂದ ಒಂದು ಕಾಳು ತೆಗೆದು, ಒಂದಾದ ಮೇಲೆ ಒಂದನ್ನು ಹಲ್ಲಲ್ಲಿ ಕಡಿದರು. ಎರಡೂ ಟಕ್ ಅಂದವು. "ಸರಿ, ಇಳಿಸು" ಅಂದರು.

ಈಗ ನವೆಂಬರಿಗೆ ಕಾಫಿಯನ್ನೂ ಇದರಲ್ಲೇ ಹಾಕುತ್ತೇನೆ ಅಂತಿದ್ದಾರೆ. ಕಾಫಿ ಬೀಜದ ಒಂದು ಮೈ ಚಪ್ಪಟೆ. ಸುರಿದಾಗ ಮಲಗಿಕೊಳ್ಳುತ್ತದೆ, ಮೇಲ್ಮುಖ ತಡೆ ಒಂದು, ಅಡ್ಡ ತಡೆ ಇನ್ನೊಂದು. ಮೂರು ಜಾಗಕ್ಕೂ ಒಂದೇ ಅಂಕಿ ನಡೆಯುವುದಿಲ್ಲ. ಪಿವಿಸಿ ಪೈಪನ್ನು ಬಿಸಾಡಬೇಡಿ ಅಂತ ಹೇಳಿ ಬಂದಿದ್ದೇನೆ.